ಕಣ್ಣಿಂದ ಕಲಿತ ಇಂಗ್ಲಿಷ್

(ತಾಲ್ಲೂಕು ಕೇಂದ್ರವೊಂದರ ಪದವಿ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಮತ್ತು ಶಾಲಾ ಶಿಕ್ಷಕರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯ ಪ್ರಶ್ನೋತ್ತರವನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬೆಳಿಗ್ಗೆ ಇಲ್ಲಿಗೆ ಬಸ್ಸಿನಲ್ಲಿ ಬಂದೆ. ನಮ್ಮ ಕಂಡಕ್ಟರು ಫೋನಿನಲ್ಲಿ ಡಿಪೋದವರ ಜೊತೆ ಮಾತಾಡುತ್ತಿದ್ದರು. "ನಂದು ಇವತ್ತು ಬೇರೆ ಸೆಡ್ಯೂಲ್ ಹಾಕಿದ್ದಾರೆ ಸಾರ್" ಅಂದರು. ನನ್ನ ಮುಂದಿನ ಸೀಟಿನಲ್ಲಿ ಇಬ್ಬರು ಹುಡುಗರು ಕೂತಿದ್ದರು. ಕತ್ತಿನಲ್ಲಿ ಕಾಲೇಜಿನ ಐಡಿ ಕಾರ್ಡ್ ಇತ್ತು. ಒಬ್ಬ ಇನ್ನೊಬ್ಬನ ಕಡೆ ತಿರುಗಿ "ಸೆಡ್ಯೂಲ್ ಅಂತೆ" ಎಂದು ಮೆಲ್ಲಗೆ ಹೇಳಿದ. ಇಬ್ಬರೂ ನಕ್ಕರು. ಕಂಡಕ್ಟರಿಗೆ ಅದು ಕೇಳಿಸಲಿಲ್ಲ. ನನಗೆ ಕೇಳಿಸಿತು. ಆ ಸೆಡ್ಯೂಲ್ ಪದದ ಕಥೆ ಹೇಳಲೇಬೇಕು ಅಂತ ಬಸ್ಸಿನಲ್ಲೇ ತೀರ್ಮಾನ ಮಾಡಿದೆ. ಸ್ವಲ್ಪ ಹೊತ್ತಿನಲ್ಲಿ ಅದಕ್ಕೆ ಬರುತ್ತೇನೆ.

ಅದಕ್ಕೂ ಮೊದಲು ನನ್ನದೇ ಒಂದು ವಿಷಯ. ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಪಿಯುಸಿಗೆ ಪೇಟೆಗೆ ಬಂದೆ. ಮೊದಲ ತಿಂಗಳಲ್ಲೇ ಇಂಗ್ಲಿಷ್ ಮೇಷ್ಟ್ರು ನನ್ನನ್ನು ಎಬ್ಬಿಸಿ ಪಾಠ ಓದಲು ಹೇಳಿದರು. ಮೂರನೇ ಸಾಲಿನಲ್ಲಿ ಓ, ಎಫ್, ಟಿ, ಇ, ಎನ್ ಎಂದು ಬರೆಯುವ ಪದ ಬಂತು. 'ಮತ್ತೆ ಮತ್ತೆ', 'ಆಗಾಗ' ಅನ್ನುವ ಅರ್ಥದ ಪದ. ನಾನು 'ಆಫ್ಟನ್' ಎಂದು ಓದಿದೆ. ಪುಸ್ತಕದಲ್ಲಿ ಟಿ ಇತ್ತು, ಓದಿದೆ. ಮೇಷ್ಟ್ರು ನಿಲ್ಲಿಸಿದರು. "ಎಲ್ಲಿಂದ ಬಂತ್ರೀ ಆ ಟ? ನಿಮ್ಮೂರ ಹೊಲದಲ್ಲಿ ಬೆಳೀತಾರಾ?" ಅಂದರು. ಎಂಬತ್ತು ಜನ ನಕ್ಕರು. ಆಮೇಲೆ ಎರಡು ವರ್ಷ ಆ ಕ್ಲಾಸಿನಲ್ಲಿ ನಾನು ಬಾಯಿ ಬಿಡಲಿಲ್ಲ. ಹಾಜರಿಗೆ 'ಎಸ್ ಸರ್' ಅನ್ನುವಾಗಲೂ ಎದೆ ಹೊಡೆದುಕೊಳ್ಳುತ್ತಿತ್ತು.

ಎಷ್ಟೋ ವರ್ಷ ಕಳೆಯಿತು. ನಾನೇ ಇಂಗ್ಲಿಷ್ ಮೇಷ್ಟ್ರಾದೆ. ಒಂದು ಮಧ್ಯಾಹ್ನ ಲೈಬ್ರರಿಯಲ್ಲಿ ಜಾನ್ ವೆಲ್ಸ್ ಅವರ ಉಚ್ಚಾರಣೆಯ ನಿಘಂಟು ಸಿಕ್ಕಿತು. ಲಂಡನ್ನಿನ ಧ್ವನಿವಿಜ್ಞಾನದ ಪ್ರಾಧ್ಯಾಪಕರು ಅವರು. ಆ ಪುಸ್ತಕ ಮೊದಲು ಬಂದದ್ದು 1990ರಲ್ಲಿ. ಅರ್ಥ ಹೇಳುವ ನಿಘಂಟಲ್ಲ ಅದು, ಪದವನ್ನು ಹೇಗೆ ಹೇಳಬೇಕು ಅನ್ನುವುದಕ್ಕೆ ಮಾತ್ರ. ಕೈ ತಾನಾಗಿ ಆ ಪದದ ಪುಟಕ್ಕೆ ಹೋಯಿತು. ಎರಡು ಉಚ್ಚಾರಣೆ ಅಚ್ಚಾಗಿದ್ದವು. 'ಆಫನ್' ಮತ್ತು 'ಆಫ್ಟನ್'. ಎರಡೂ ಪಕ್ಕಪಕ್ಕದಲ್ಲಿ. ಆ ನಿಘಂಟಿಗಾಗಿ ಬ್ರಿಟನ್ನಿನ ಜನರನ್ನೇ ಕೇಳಿ ಲೆಕ್ಕ ಹಾಕಿದ್ದರು. ಸುಮಾರು ನಾಲ್ಕರಲ್ಲಿ ಒಬ್ಬರು ಟ ಸೇರಿಸಿಯೇ ಹೇಳುತ್ತೇವೆ ಎಂದಿದ್ದರು. ಆ ಪುಟ ನೋಡುತ್ತಾ ಬಹಳ ಹೊತ್ತು ನಿಂತಿದ್ದೆ. ಇವತ್ತಿನ ಮಾತು ಶುರುವಾದದ್ದು ಆ ಮಧ್ಯಾಹ್ನ ಅಂತಲೇ ಇಟ್ಟುಕೊಳ್ಳಿ.

ಈ ಟ ಎಲ್ಲಿ ಹೋಗಿತ್ತು, ಹೇಗೆ ವಾಪಸ್ ಬಂತು? ನೋಡೋಣ.

ಮೊದಲು ಇಂಗ್ಲೆಂಡಿನ ಜನ ಇದರಲ್ಲಿ ಟ ಹೇಳುತ್ತಿದ್ದರು. ಆದರೆ ಫ, ಟ, ನ ಮೂರೂ ಒತ್ತಿಕೊಂಡು ಬಂದರೆ ನಾಲಿಗೆ ನಡುವಿನದನ್ನು ಬಿಟ್ಟುಬಿಡುತ್ತದೆ. ನಮ್ಮಲ್ಲೂ ಹಾಗೇ ಅಲ್ವಾ? 'ಕುಳಿತುಕೋ' ಎಂದು ಬರೆಯುತ್ತೇವೆ, 'ಕೂತ್ಕೋ' ಅನ್ನುತ್ತೇವೆ. ಹಾಗೆಯೇ 'ಲಿಸನ್', 'ಕಾಸಲ್', 'ಫಾಸನ್', 'ಸಾಫನ್' ಎಲ್ಲದರಲ್ಲೂ ಟ ಬಿದ್ದುಹೋಯಿತು. ಬರವಣಿಗೆಯಲ್ಲಿ ಮಾತ್ರ ಉಳಿಯಿತು. ಅಚ್ಚು ಮನೆಯವರು ಅಕ್ಷರ ಜೋಡಿಸುವ ಕ್ರಮ ಒಮ್ಮೆ ಗಟ್ಟಿಯಾದ ಮೇಲೆ ಬಾಯಿ ಬದಲಾದರೂ ಕಾಗುಣಿತ ಬದಲಾಗಲಿಲ್ಲ.

ಆಮೇಲೆ 19ನೇ ಶತಮಾನ ಬಂತು. ಇಂಗ್ಲೆಂಡಿನಲ್ಲಿ ಸಾಮಾನ್ಯರ ಮಕ್ಕಳೂ ಶಾಲೆಗೆ ಬರತೊಡಗಿದರು. 1870ರಲ್ಲಿ ಅಲ್ಲಿ ಶಿಕ್ಷಣದ ದೊಡ್ಡ ಕಾಯಿದೆಯೇ ಆಯಿತು. ಗಾಡಿ ಹೊಡೆಯುವವರ ಮಕ್ಕಳು, ಗಣಿ ಕೆಲಸದವರ ಮಕ್ಕಳು ಪುಸ್ತಕ ಹಿಡಿದರು. ಮನೆಯಲ್ಲಿ ಕಿವಿಗೆ ಬೀಳದ ಎಷ್ಟೋ ಪದಗಳು ಅವರಿಗೆ ಮೊದಲು ಸಿಕ್ಕಿದ್ದು ಪುಟದ ಮೇಲೆ. ಅಕ್ಷರ ಇದೆ, ಓದಿದರು. ಮೊದಲೇ ಕಿವಿಯಿಂದ ಗೊತ್ತಿದ್ದ ಪದಗಳಲ್ಲೂ ಕಾಗುಣಿತ ನೋಡಿ 'ಓ, ಇಲ್ಲಿ ಟ ಇದೆಯಲ್ಲ' ಎಂದು ತಿದ್ದಿಕೊಂಡರು. ಓದು ಬಲ್ಲವರು ಜಾಸ್ತಿಯಾದಂತೆ ಟ ಮರಳಿ ಬಂತು. ಪಂಡಿತರು ಬೈದರು. ಬೈದರೂ ಅದು ಹೋಗಲಿಲ್ಲ.

ಹಣೆ ಎಂಬ ಅರ್ಥದ ಪದಕ್ಕೂ ಇದೇ ಆಯಿತು. ಹಳೆಯ ಕಾಲದವರು ಅದನ್ನು 'ಫಾರಿಡ್' ಎನ್ನುತ್ತಿದ್ದರು. ಒಂದು ಹಳೆಯ ಶಿಶುಪ್ರಾಸದಲ್ಲಿ ಆ ಪದ 'ಹಾರಿಡ್'ಗೆ ಪ್ರಾಸವಾಗಿ ಬರುತ್ತದೆ. ಇವತ್ತು ಇಂಗ್ಲೆಂಡಿನಲ್ಲೇ ಹೆಚ್ಚಿನವರು 'ಫೋರ್‌ಹೆಡ್' ಅನ್ನುತ್ತಾರೆ, ಬರೆದಂತೆಯೇ. ಇನ್ನೂ ಹಳೆಯ ಉದಾಹರಣೆ ಬೇಕಾದರೆ 'ಆಥರ್' ಇದೆ. ಫ್ರೆಂಚಿನಿಂದ ಬಂದಾಗ ಅದರಲ್ಲಿ ಬರೀ ಟಕಾರ ಇತ್ತು. ಯಾರೋ ಬರೆಯುವವರು ಟಿ ಪಕ್ಕದಲ್ಲಿ ಒಂದು ಎಚ್ ಸೇರಿಸಿದರು. ಓದುವವರು ಅದನ್ನು ನೋಡಿ 'ಥ' ಅಂದರು. ಈಗ ಆ 'ಥ' ಬಿಟ್ಟರೆ ಬೇರೆ ಉಚ್ಚಾರಣೆಯೇ ಇಲ್ಲ. 'ಥ್ರೋನ್' ಕೂಡ ಹೀಗೇ ಆಯಿತು.

ಹಾಗಾದರೆ ನಾನು ಪಿಯುಸಿ ಕ್ಲಾಸಿನಲ್ಲಿ ಮಾಡಿದ್ದು ಏನು? ಇಂಗ್ಲೆಂಡಿನ ಬಡವರ ಮಕ್ಕಳು ಮಾಡಿದ್ದನ್ನೇ ಮಾಡಿದ್ದೆ. ಕಣ್ಣಿಗೆ ಕಂಡದ್ದನ್ನು ಬಾಯಿಗೆ ತಂದಿದ್ದೆ. ನಾವು, ಅಂದರೆ ಕನ್ನಡ ಶಾಲೆಗಳಲ್ಲಿ ಓದಿದವರು, ಇಂಗ್ಲಿಷನ್ನು ಕಿವಿಯಿಂದ ಕಲಿತವರಲ್ಲ. ಕಣ್ಣಿಂದ ಕಲಿತವರು. ಮನೆಯಲ್ಲಿ ಮಾತಾಡುವವರಿರಲಿಲ್ಲ, ಪುಸ್ತಕ ಇತ್ತು. ಇದನ್ನು ಕೊರತೆ ಎಂದು ನಮಗೆ ಹೇಳುತ್ತಾ ಬಂದಿದ್ದಾರೆ. ಆದರೆ ಇಂಗ್ಲಿಷಿನ ಸ್ವಂತ ಮನೆಯಲ್ಲೇ ಎಷ್ಟೋ ಪದಗಳು ಈ ಕಣ್ಣಿನ ದಾರಿಯಿಂದಲೇ ಬದಲಾಗಿವೆ. ಈಗ ಅವು ನಿಘಂಟಿನಲ್ಲಿವೆ.

ಇನ್ನು ಕಂಡಕ್ಟರ ಮಾತಿಗೆ ಬರೋಣ.

ಈ ಪದದ ಮೂಲ ಲ್ಯಾಟಿನ್. ಸಣ್ಣ ಕಾಗದದ ಚೀಟಿ ಎಂದು ಅರ್ಥ. ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂತು. ಆಗ ಅದನ್ನು ಬರೆಯುತ್ತಿದ್ದದ್ದು ಸಿ ಅಥವಾ ಎಸ್ ಅಕ್ಷರದಿಂದ. ಹೇಳುತ್ತಿದ್ದದ್ದು 'ಸೆಡ್ಯೂಲ್'. ಆಮೇಲೆ ಲ್ಯಾಟಿನ್ ಬಲ್ಲವರು ಮೂಲವನ್ನು ನೆನಪಿಸುವ ಹಾಗೆ ಎಸ್, ಸಿ, ಎಚ್ ಎಂದು ಬರೆಯತೊಡಗಿದರು. ಕಾಗುಣಿತ ಬದಲಾಯಿತು, ಬಾಯಿ ಬದಲಾಗಲಿಲ್ಲ. 1791ರಲ್ಲಿ ಲಂಡನ್ನಿನಲ್ಲಿ ಜಾನ್ ವಾಕರ್ ಎಂಬವರು ಉಚ್ಚಾರಣೆಯ ದೊಡ್ಡ ನಿಘಂಟು ತಂದರು. ಮೊದಲು ನಾಟಕದಲ್ಲಿ ಪಾತ್ರ ಮಾಡುತ್ತಿದ್ದವರು, ಆಮೇಲೆ ಮಾತುಗಾರಿಕೆ ಕಲಿಸುವ ಮೇಷ್ಟ್ರಾದವರು. ಆ ಕಾಲದಲ್ಲಿ 'ವಾಕರ್ ಏನು ಹೇಳಿದ್ದಾರೆ?' ಎಂಬುದೇ ಕೊನೆಯ ಮಾತು. ಅವರ ನಿಘಂಟಿನಲ್ಲಿ ಈ ಪದಕ್ಕೆ ಕೊಟ್ಟ ಉಚ್ಚಾರಣೆ ಒಂದೇ: 'ಸೆಡ್ಯೂಲ್'. ಬೇರೆ ಯಾವುದೂ ಇಲ್ಲ.

ಮುಂದಿನ ಆವೃತ್ತಿಯಲ್ಲಿ ಅವರು ಇದರ ಬಗ್ಗೆ ಇನ್ನಷ್ಟು ಬರೆದರು. ಮೂಲ ನೋಡಿದರೆ 'ಸ್ಕೆಡ್ಯೂಲ್' ಅನ್ನಬೇಕು, ಫ್ರೆಂಚ್ ಹಾದಿ ಹಿಡಿದರೆ 'ಶೆಡ್ಯೂಲ್' ಅನ್ನಬೇಕು, ಆದರೆ ಜನರ ರೂಢಿ ಎಷ್ಟು ಗಟ್ಟಿಯಾಗಿದೆ ಅಂದರೆ ಇನ್ನು ಬದಲಾಯಿಸಲು ಆಗುವುದಿಲ್ಲ, ಎಂದರು. ಆದರೆ ಬದಲಾಯಿತು! 1836ರಲ್ಲಿ ವಾಕರ್ ನಿಘಂಟನ್ನೇ ಪರಿಷ್ಕರಿಸಿದ ಸ್ಮಾರ್ಟ್ ಎಂಬವರು 'ಶೆಡ್ಯೂಲ್' ಎಂದು ಹಾಕಿದರು. ಇಂಗ್ಲೆಂಡ್ ಅದನ್ನೇ ಹಿಡಿಯಿತು. ಅತ್ತ ಅಮೆರಿಕದಲ್ಲಿ ನೋವಾ ವೆಬ್‌ಸ್ಟರ್ 1828ರ ತಮ್ಮ ನಿಘಂಟಿನಲ್ಲಿ ಕಕಾರದ ಉಚ್ಚಾರಣೆಯನ್ನು ಎತ್ತಿಹಿಡಿದರು. ಅಲ್ಲಿನ ಶಾಲೆಗಳಿಗೆ ವೆಬ್‌ಸ್ಟರ್ ಮಾತೇ ಮಾತು. ಇವತ್ತು ಅಮೆರಿಕದವರು ಹೇಳುವುದು 'ಸ್ಕೆಜುಲ್'. ಈಗ ಬ್ರಿಟನ್ನಿನ ಎಳೆಯರು ಕೂಡ ಅಮೆರಿಕದ ಕಡೆಗೆ ವಾಲಿದ್ದಾರೆ.

ನಮ್ಮಲ್ಲಿಗೆ ಈ ಪದ ಎರಡು ಬಾಗಿಲಿನಿಂದ ಬಂತು. ಮೊದಲನೆಯದು ಸರ್ಕಾರಿ ಕಚೇರಿಯ ಬಾಗಿಲು. ಸಂವಿಧಾನದ ಎಂಟನೆಯ ಷೆಡ್ಯೂಲಿನಲ್ಲಿ ಕನ್ನಡವೂ ಸೇರಿ ಈಗ 22 ಭಾಷೆಗಳಿವೆ. ಬಸ್ ಡಿಪೋದಲ್ಲಿ ಒಂದು ಗಾಡಿಯ ದಿನದ ಓಡಾಟಕ್ಕೆ ಷೆಡ್ಯೂಲ್ ಎನ್ನುತ್ತಾರೆ. ಇದು ಬ್ರಿಟಿಷರ ಉಚ್ಚಾರಣೆ. ಎರಡನೆಯದು ಬೆಂಗಳೂರಿನ ಸಾಫ್ಟ್‌ವೇರ್ ಬಾಗಿಲು. ಅಲ್ಲಿ ಮೀಟಿಂಗನ್ನು 'ಸ್ಕೆಜುಲ್' ಮಾಡುತ್ತಾರೆ. ಅಪ್ಪ ಡಿಪೋದಲ್ಲಿ, ಮಗಳು ಐಟಿ ಕಂಪನಿಯಲ್ಲಿ ಇರುವ ಮನೆಯಲ್ಲಿ ಎರಡೂ ಕೇಳಿಸುತ್ತವೆ. ಇಬ್ಬರೂ ಸರಿ.

ಮತ್ತೆ ಬೆಳಗಿನ ಕಂಡಕ್ಟರು? ಅವರ 'ಸೆಡ್ಯೂಲ್'ಗೂ ವಾಕರ್ ಹೇಳಿದ್ದಕ್ಕೂ ಸಂಬಂಧ ಏನೂ ಇಲ್ಲ. ಅವರ ನಾಲಿಗೆಯಲ್ಲಿ ಶಕಾರ ಸಕಾರವಾಗುತ್ತದೆ, 'ಶಾಲೆ' 'ಸಾಲೆ' ಆದಂತೆ. ಅವರ ಉಚ್ಚಾರಣೆ ಇವತ್ತಿನ ನಿಘಂಟಿನಲ್ಲಿ ಇಲ್ಲ ಎಂಬುದೂ ನಿಜ. ಆದರೆ ಇದೇ ಮಾತನ್ನು 1791ರ ಲಂಡನ್ನಿನಲ್ಲಿ ಆಡಿದ್ದರೆ ಒಬ್ಬರೂ ತಿರುಗಿ ನೋಡುತ್ತಿರಲಿಲ್ಲ. ಆ ಇಬ್ಬರು ಹುಡುಗರು ಇಲ್ಲಿ ಕೂತಿದ್ದರೆ ಇದನ್ನು ಅವರಿಗೇ ಹೇಳುತ್ತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ. ನಗುವ ಮುಂಚೆ ಒಮ್ಮೆ ನಿಘಂಟು ತೆಗೆಯಿರಿ ಅಂತ ಕೇಳಿಕೊಳ್ಳುತ್ತಿದ್ದೇನೆ ಅಷ್ಟೆ.

ಒಂದು ಭಾಷೆಯಲ್ಲಿ ಯಾವುದು ಸರಿ ಎಂದು ತೀರ್ಮಾನ ಮಾಡುವವರು ಯಾರು? ಇದು ನನ್ನನ್ನು ಬಹಳ ಕಾಡಿದ ಪ್ರಶ್ನೆ. ಇಂಗ್ಲಿಷಿನಲ್ಲಿ ಇದಕ್ಕೆ ದೊಡ್ಡ ದೊಡ್ಡವರು ಪ್ರಯತ್ನ ಪಟ್ಟಿದ್ದಾರೆ. ಎರಡು ಸಲ ಏನಾಯಿತು ಹೇಳುತ್ತೇನೆ.

ಮೊದಲನೆಯದು ಸ್ಯಾಮುಯೆಲ್ ಜಾನ್ಸನ್ ಕಾಲದ್ದು. 1755ರಲ್ಲಿ ಅವರ ಹೆಸರಾಂತ ನಿಘಂಟು ಹೊರಬಂತು. ಅದಕ್ಕೆ ಎಂಟು ವರ್ಷ ಮೊದಲು, 1747ರಲ್ಲಿ, ಹೀಗೊಂದು ಕೆಲಸ ಮಾಡುತ್ತೇನೆ ಎಂದು ಯೋಜನೆಯನ್ನು ಅಚ್ಚು ಹಾಕಿಸಿದ್ದರು. ಆಗ ಏನಾಯಿತು ಎಂಬುದನ್ನು 1772ರಲ್ಲಿ ತಮ್ಮ ಗೆಳೆಯ ಬಾಸ್‌ವೆಲ್ ಜೊತೆ ಮಾತಾಡುವಾಗ ಹೇಳಿಕೊಂಡರು. ನಮಗೆಲ್ಲ ಗೊತ್ತಿರುವ 'ಗ್ರೇಟ್' ಎಂಬ ಪದ ಇದೆಯಲ್ಲ, ಅದನ್ನು 'ಸ್ಟೇಟ್' ಎಂಬುದಕ್ಕೆ ಪ್ರಾಸವಾಗುವಂತೆ ಹೇಳಬೇಕು ಎಂದು ಲಾರ್ಡ್ ಚೆಸ್ಟರ್‌ಫೀಲ್ಡ್ ಅವರಿಗೆ ತಿಳಿಸಿದರಂತೆ. ಸರ್ ವಿಲಿಯಂ ಯಂಗ್ ಎಂಬವರು ಬೇರೆ ಮಾತು ಹೇಳಿ ಕಳಿಸಿದರಂತೆ. ಅದು 'ಸೀಟ್' ಎಂಬುದಕ್ಕೆ ಪ್ರಾಸವಾಗಬೇಕು, ಅಂದರೆ 'ಗ್ರೀಟ್' ಅನ್ನಬೇಕು, 'ಗ್ರೇಟ್' ಅನ್ನುವವರು ಐರ್ಲೆಂಡಿನವರು ಮಾತ್ರ, ಎಂದು. ಚೆಸ್ಟರ್‌ಫೀಲ್ಡ್ ಮೇಲ್ಮನೆಯ ಅತ್ಯುತ್ತಮ ಮಾತುಗಾರ, ಯಂಗ್ ಕೆಳಮನೆಯ ಅತ್ಯುತ್ತಮ ಮಾತುಗಾರ. ಇವರಿಬ್ಬರಲ್ಲೇ ಒಮ್ಮತ ಇಲ್ಲ ಅಂದರೆ ನಾನು ಯಾರ ಮಾತು ಹಿಡಿಯಲಿ? ಇದು ಜಾನ್ಸನ್ ಪ್ರಶ್ನೆ. ಅವರ ನಿಘಂಟು ನೋಡಿ, ಪದದ ಯಾವ ಭಾಗಕ್ಕೆ ಒತ್ತು ಬೀಳಬೇಕು ಎಂದು ಗುರುತು ಹಾಕಿದ್ದಾರೆ. ಸ್ವರ ಹೇಗೆ ಹೇಳಬೇಕು ಎಂಬ ತಂಟೆಗೆ ಹೋಗಿಲ್ಲ.

ಈ ಗೊಂದಲ ಸುಮ್ನೆ ಬಂದದ್ದಲ್ಲ. ಆ ಕೆಲವು ನೂರು ವರ್ಷ ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಜಾಗ ಬದಲಾಯಿಸುತ್ತಿದ್ದವು. 'ಏ' ಇದ್ದದ್ದು 'ಈ' ಆಗುತ್ತಿತ್ತು. ನಾವು ಕುಡಿಯುವ 'ಟೀ'ಯನ್ನು 18ನೇ ಶತಮಾನದ ಶುರುವಿನಲ್ಲಿ 'ಟೇ' ಎಂದೂ ಹೇಳುತ್ತಿದ್ದರು. ಅಲೆಕ್ಸಾಂಡರ್ ಪೋಪ್ ಎಂಬ ಕವಿ ಅದನ್ನು 'ಒಬೇ' ಎಂಬ ಪದಕ್ಕೆ ಪ್ರಾಸ ಮಾಡಿದ್ದಾನೆ. ಟೀ ಮುಂದಕ್ಕೆ ಹೋಯಿತು. ಗ್ರೇಟ್, ಬ್ರೇಕ್, ಸ್ಟೇಕ್ ಎಂಬ ಮೂರು ಪದಗಳು ಹಳೆಯ ಜಾಗದಲ್ಲೇ ನಿಂತವು. ಜಾನ್ಸನ್ ಕೇಳಿದ್ದು ಈ ಸರಿದಾಟದ ನಡುವಿನ ಸದ್ದು. ನಮ್ಮ ಭಾಷೆಗೂ ಇಂಥದ್ದು ಹೊಸದಲ್ಲ. ಹಳಗನ್ನಡದ 'ಪಾಲ್' ಹಾಲಾಯಿತು, 'ಪೂ' ಹೂವಾಯಿತು. ಅದು ಒಂದೇ ರಾತ್ರಿಯಲ್ಲಿ ಆಗಿರಲು ಸಾಧ್ಯವಿಲ್ಲ. ಯಾವುದೋ ಒಂದು ಕಾಲದಲ್ಲಿ ಅಜ್ಜಿ 'ಪಾಲು' ಅಂದು, ಮೊಮ್ಮಗಳು 'ಹಾಲು' ಅಂದು, ಒಂದೇ ಅಡುಗೆಮನೆಯಲ್ಲಿ ಎರಡೂ ನಡೆದಿರಬೇಕು.

ಎರಡನೆಯ ಪ್ರಯತ್ನ ಬಿಬಿಸಿಯದು. ರೇಡಿಯೋ ಹೊಸದಾಗಿ ಬಂದಿತ್ತು. ಒಬ್ಬರು ಮಾತಾಡಿದ್ದನ್ನು ಇಡೀ ದೇಶ ಕೇಳುವುದು ಆವರೆಗೆ ನಡೆದೇ ಇರಲಿಲ್ಲ. ಸುದ್ದಿ ಓದುವವರು ಒಂದು ಪದವನ್ನು ಹೇಗೆ ಹೇಳಬೇಕು? 1926ರಲ್ಲಿ ಒಂದು ಸಲಹಾ ಸಮಿತಿ ಮಾಡಿದರು. ಆಸ್ಥಾನಕವಿ ರಾಬರ್ಟ್ ಬ್ರಿಜಸ್ ಅಧ್ಯಕ್ಷರು. ನಾಟಕಕಾರ ಬರ್ನಾರ್ಡ್ ಶಾ ಇದ್ದರು. ಧ್ವನಿವಿಜ್ಞಾನಿ ಡೇನಿಯಲ್ ಜೋನ್ಸ್ ಇದ್ದರು. 1917ರಲ್ಲೇ ಉಚ್ಚಾರಣೆಯ ನಿಘಂಟು ಬರೆದವರು ಅವರು. ಹೀಗೇ ಹೇಳಿ ಎಂದು ನಾನು ಆಜ್ಞೆ ಮಾಡುತ್ತಿಲ್ಲ, ಜನ ಹೇಳುವುದನ್ನು ಬರೆದಿಡುತ್ತಿದ್ದೇನೆ ಎಂಬುದು ಜೋನ್ಸ್ ನಿಲುವು. ಸಮಿತಿ ಕೂತು ಒಂದೊಂದೇ ಪದ ಚರ್ಚೆ ಮಾಡಿ 1928ರಲ್ಲಿ ಪುಸ್ತಿಕೆ ತಂದಿತು. ಅದರಲ್ಲಿ 332 ಪದಗಳಿದ್ದವು. ಇದೊಂದೇ ಸರಿ ಎಂದು ತಿಳಿಯಬೇಡಿ ಎಂಬ ಮಾತು ಅದರಲ್ಲೇ ಇತ್ತು. ಆದರೂ ಜನರಿಂದ ಪತ್ರಗಳು ಬಂದವು, ಪತ್ರಿಕೆಗಳಲ್ಲಿ ಜಗಳ ನಡೆಯಿತು.

ಬ್ರಿಜಸ್ 1930ರಲ್ಲಿ ತೀರಿಕೊಂಡರು. ಶಾ ಅಧ್ಯಕ್ಷರಾದರು. 1934ರಲ್ಲಿ ಅವರು 'ಟೈಮ್ಸ್' ಪತ್ರಿಕೆಗೆ ಒಂದು ಪತ್ರ ಬರೆದರು. ನನ್ನ ಪ್ರಕಾರ ಈ ವಿಷಯದಲ್ಲಿ ಅಷ್ಟು ಪ್ರಾಮಾಣಿಕವಾದ ಮಾತು ಇನ್ನೊಂದಿಲ್ಲ. ಅದರ ಸಾರ ಇಷ್ಟು: ನಮ್ಮ ಸಮಿತಿಯವರೆಲ್ಲ ಒಪ್ಪುವ ಹಾಗೆ ಮಾತಾಡುವವರು, ನ್ಯಾಯಪೀಠದ ಮೇಲೆ ಕೂರಿಸಿದರೂ ಸಿಂಹಾಸನದ ಮೇಲೆ ಕೂರಿಸಿದರೂ ನಡೆಯುತ್ತದೆ, ಆದರೆ ಒಂದೇ ಪದವನ್ನು ಒಂದೇ ರೀತಿ ಹೇಳುವ ಇಬ್ಬರು ನಮ್ಮಲ್ಲಿ ಇಲ್ಲ.

ಆ ಸಮಿತಿಯಲ್ಲಿ ಆಮೇಲೆ ಸೇರಿದ ಅಲಿಸ್ಟೇರ್ ಕುಕ್ ಒಂದು ಪ್ರಸಂಗ ಹೇಳುತ್ತಿದ್ದರು. ಒಮ್ಮೆ ಕೋರೆಹಲ್ಲಿಗೆ, ನಾಯಿಯ ಜಾತಿಗೆ ಸಂಬಂಧಿಸಿದ ಪದ ಚರ್ಚೆಗೆ ಬಂತು. ಅದು 'ಕ್ಯಾನೈನ್' ಎಂದು ಕೆಲವರು. ಶಾ ಮಾತ್ರ 'ಕೇನೈನ್' ಅಂದರು. ಒಂದು ಪದವನ್ನು ವೃತ್ತಿಯಲ್ಲಿ ದಿನವೂ ಬಳಸುವವರು ಹೇಳುವ ಹಾಗೆ ನಾನು ಹೇಳುತ್ತೇನೆ, ನನ್ನ ಹಲ್ಲಿನ ಡಾಕ್ಟರು 'ಕೇನೈನ್' ಅನ್ನುತ್ತಾರೆ, ಎಂದರು. ಹಾಗಾದರೆ ನಿಮ್ಮ ಡಾಕ್ಟರು ಅಮೆರಿಕದವರೇ ಇರಬೇಕು ಎಂದರು ಇನ್ನೊಬ್ಬರು. ಮತ್ತೇನು, ಈ ವಯಸ್ಸಿನಲ್ಲೂ ನನ್ನ ಹಲ್ಲೆಲ್ಲ ಉಳಿದಿರುವುದು ಹೇಗೆ ಎಂದುಕೊಂಡಿರಿ, ಎಂದರಂತೆ ಶಾ. ಆ ಉತ್ತರಕ್ಕಿಂತ ಅವರು ಕೊಟ್ಟ ಕಾರಣ ನನಗೆ ಹೆಚ್ಚು ಇಷ್ಟ. ದಿನವೂ ಬಳಸುವವರ ಬಾಯಿಗೆ ಅವರು ಬೆಲೆ ಕೊಟ್ಟರು.

1939ರಲ್ಲಿ ಯುದ್ಧ ಬಂತು, ಸಮಿತಿ ನಿಂತಿತು.

ನಮ್ಮ ಕಾಲದ್ದೇ ಒಂದು ಉದಾಹರಣೆ ಕೊಡುತ್ತೇನೆ, ಬೇಗ ಮುಗಿಸುತ್ತೇನೆ. ಫೋನಿನಲ್ಲಿ ಚಲಿಸುವ ಸಣ್ಣ ಚಿತ್ರ ಕಳಿಸುತ್ತೀರಲ್ಲ, ಜಿ, ಐ, ಎಫ್. 1987ರಲ್ಲಿ ಅದನ್ನು ರೂಪಿಸಿದ್ದು ಅಮೆರಿಕದ ಸ್ಟೀವ್ ವಿಲ್‌ಹೈಟ್ ಮತ್ತು ಅವರ ತಂಡ. ಅದು 'ಜಿಫ್' ಎಂದು ಅವರೇ ಹೇಳಿದರು. 2013ರಲ್ಲಿ ಪ್ರಶಸ್ತಿ ತೆಗೆದುಕೊಳ್ಳುವಾಗಲೂ ಪರದೆಯ ಮೇಲೆ ಅದನ್ನೇ ತೋರಿಸಿದರು. ಜನ 'ಗಿಫ್' ಅನ್ನುವುದನ್ನು ಬಿಡಲಿಲ್ಲ. ನಿಘಂಟುಗಳು ಎರಡನ್ನೂ ಹಾಕಿವೆ. ಹೆತ್ತವರೇ ಹೇಳಿದರೂ ಊರಿನವರು ಕರೆಯುವುದು ತಮ್ಮ ಬಾಯಿಗೆ ಬಂದ ಹೆಸರಿನಿಂದ.

ಇನ್ನು ನಮ್ಮ ಮನೆಗಳಲ್ಲೇ ಸಿಗುವ ಕೆಲವು ಪದಗಳನ್ನು ನೋಡೋಣ. ಬಸ್ಸಿನ 'ರೂಟ್' ಅನ್ನುತ್ತೇವೆ. ಇದು ಬ್ರಿಟಿಷ್. ಗೋಡೆಗೆ ತೂಗುಹಾಕಿದ ವೈಫೈ ಡಬ್ಬಿಗೆ 'ರೌಟರ್' ಅನ್ನುತ್ತೇವೆ. ಇದು ಅಮೆರಿಕನ್. ಎರಡೂ ಒಂದೇ ಪದದಿಂದ ಬಂದವು. ಒಂದೇ ನಾಲಿಗೆ ಎರಡನ್ನೂ ಹೇಳುತ್ತದೆ, ಯಾರೂ ಎಡವಿಲ್ಲ. 'ಡೇಟಾ', 'ಡ್ಯಾಟಾ', 'ಡಾಟಾ' ಮೂರೂ ಇಂಗ್ಲಿಷ್ ಮಾತಾಡುವ ದೇಶಗಳಲ್ಲಿ ನಡೆಯುತ್ತವೆ. 'ಈದರ್' ಅನ್ನಿ, 'ಐದರ್' ಅನ್ನಿ, ಎರಡೂ ವಾಕರ್ ಕಾಲಕ್ಕೇ ಇದ್ದವು. ಸೈನ್ಯದಲ್ಲಿ ಬ್ರಿಟಿಷರು 'ಲೆಫ್ಟೆನೆಂಟ್' ಅಂದರೆ ಅಮೆರಿಕದವರು 'ಲೂಟೆನೆಂಟ್' ಅನ್ನುತ್ತಾರೆ.

ಹಕಾರದ ಕಥೆ ಮಾತ್ರ ನನಗೆ ಸ್ವಲ್ಪ ಹತ್ತಿರದ್ದು. ನಮ್ಮೂರ ಕಡೆ ಎಷ್ಟೋ ಜನ 'ಹೋಗು' ಎನ್ನುವುದನ್ನು 'ಓಗು' ಅನ್ನುತ್ತಾರೆ. ಅದಕ್ಕೆ ಅವರು ಪೇಟೆಯಲ್ಲಿ ಎಷ್ಟು ಅವಮಾನ ಪಟ್ಟಿದ್ದಾರೆ ಎಂದು ಕಣ್ಣಾರೆ ನೋಡಿದ್ದೇನೆ. ಲಂಡನ್ನಿನ ದುಡಿಯುವ ಜನರೂ ಹಕಾರ ಬಿಡುತ್ತಾರೆ, ಅವರಿಗೂ ಅದೇ ಅವಮಾನ. ಆದರೆ ಇಲ್ಲಿ ಒಂದು ವಿಚಿತ್ರ ಇದೆ. ಫ್ರೆಂಚಿನಿಂದ ಬಂದ 'ಹರ್ಬ್', 'ಹಾಸ್ಪಿಟಲ್', 'ಹಂಬಲ್' ಪದಗಳಲ್ಲಿ ಮೊದಲು ಹಕಾರ ಹೇಳುತ್ತಲೇ ಇರಲಿಲ್ಲ. ಬರವಣಿಗೆ ನೋಡಿ ಆಮೇಲೆ ಸೇರಿಸಿಕೊಂಡರು. ಗಿಡಮೂಲಿಕೆಗೆ ಬ್ರಿಟಿಷರು ಇವತ್ತು 'ಹರ್ಬ್' ಅನ್ನುತ್ತಾರೆ. ಅಮೆರಿಕದವರು ಹಳೆಯದನ್ನೇ ಉಳಿಸಿಕೊಂಡು 'ಅರ್ಬ್' ಅನ್ನುತ್ತಾರೆ. ಅಂದರೆ ಹಕಾರ ಬಿಟ್ಟವರೇ ಅಲ್ಲಿ ಹಳಬರು. ನಮ್ಮ 'ಆಸ್ಪತ್ರೆ'ಯಲ್ಲೂ ಹಕಾರ ಇಲ್ಲ, ನೋಡಿ.

ಆ ಅಕ್ಷರದ ಹೆಸರೇ ಇನ್ನೂ ತೀರ್ಮಾನ ಆಗಿಲ್ಲ. ಬ್ರಿಟನ್ನಿನ ನಿಘಂಟುಗಳು 'ಏಚ್' ಎಂಬುದನ್ನು ಮಾನ್ಯ ಮಾಡಿವೆ. ಐರ್ಲೆಂಡಿನಲ್ಲಿ 'ಹೇಚ್' ಎಂಬುದೇ ಸಾಮಾನ್ಯ. ಬ್ರಿಟನ್ನಿನ ಎಳೆಯರಲ್ಲೂ ಅದು ಹಬ್ಬುತ್ತಿದೆ. ನಮ್ಮ ಕನ್ನಡ ಪತ್ರಿಕೆಗಳನ್ನು ಬಿಡಿಸಿ ನೋಡಿ. ಹೆಸರಿನ ಇನಿಶಿಯಲ್‌ಗಳನ್ನು ಒಂದು ಕಡೆ 'ಎಚ್', ಇನ್ನೊಂದು ಕಡೆ 'ಹೆಚ್' ಎಂದು ಬರೆದಿರುತ್ತಾರೆ. ಎರಡನ್ನೂ ಓದುತ್ತೇವೆ, ಆ ವ್ಯಕ್ತಿ ಯಾರು ಎಂದು ಯಾರಿಗೂ ಗೊಂದಲ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಹಾಗಾದರೆ ಹೇಗೆ ಬೇಕಾದರೂ ಹೇಳಬಹುದು ಅಂತ ತಿಳಿಯಬೇಡಿ. ನಾನು ಮೇಷ್ಟ್ರು, ಅದನ್ನು ಹೇಳಲಾರೆ. ಉಚ್ಚಾರಣೆಗೆ ಇಂಗ್ಲಿಷಿನಲ್ಲಿ ಇರುವ ಪದವನ್ನೇ ತೆಗೆದುಕೊಳ್ಳಿ. ಅದು 'ಪ್ರನನ್ಸಿಯೇಷನ್'. ನಡುವೆ 'ನೌನ್' ಸೇರಿಸಿ ಹೇಳುವವರು ಅಲ್ಲಿಯೂ ಇದ್ದಾರೆ, ಇಲ್ಲಿಯೂ ಇದ್ದಾರೆ. ಆದರೆ ಅದನ್ನು ತಪ್ಪು ಎಂದೇ ಎಣಿಸುತ್ತಾರೆ. ಇನ್ನು ಕೆಲವು ಪದಗಳಿಗೆ ಕಾಗುಣಿತ ಒಂದೇ, ಉಚ್ಚಾರಣೆ ಎರಡು, ಆದರೆ ಅರ್ಥವೂ ಎರಡು. 'ಲೀಡ್' ಅಂದರೆ ಮುನ್ನಡೆಸುವುದು, 'ಲೆಡ್' ಅಂದರೆ ಸೀಸ. 'ಟೇರ್' ಅಂದರೆ ಹರಿ, 'ಟಿಯರ್' ಅಂದರೆ ಕಣ್ಣೀರು. ಇಲ್ಲಿ ಆಯ್ಕೆ ಇಲ್ಲ. ಒಂದರ ಜಾಗದಲ್ಲಿ ಇನ್ನೊಂದು ಹೇಳಿದರೆ ಮಾತು ಕೆಡುತ್ತದೆ.

ಒತ್ತು ಎಂಬುದು ನಮಗೆ ಕಷ್ಟದ ಜಾಗ. ಕನ್ನಡದಲ್ಲಿ ಒತ್ತು ಜಾಗ ಬದಲಾಯಿಸಿದರೆ ಅರ್ಥ ಬದಲಾಗುವುದಿಲ್ಲ. ಹಾಗಾಗಿ ನಮ್ಮ ಕಿವಿ ಅದನ್ನು ಹುಡುಕುವುದೇ ಇಲ್ಲ. ಇಂಗ್ಲಿಷಿನಲ್ಲಿ 'ರೆಕಾರ್ಡ್' ಎಂದು ಮೊದಲ ಭಾಗ ಒತ್ತಿದರೆ ವಸ್ತು, ಎರಡನೆಯದನ್ನು ಒತ್ತಿ 'ರಿಕಾರ್ಡ್' ಅಂದರೆ ಕೆಲಸ. ಆದರೆ ವಿವಾದಕ್ಕೆ ಇರುವ ಪದವನ್ನು ಬ್ರಿಟನ್ನಿನಲ್ಲಿ ಕೆಲವರು ಮೊದಲ ಭಾಗ ಒತ್ತಿ 'ಕಾಂಟ್ರವರ್ಸಿ' ಅನ್ನುತ್ತಾರೆ, ಕೆಲವರು ಎರಡನೆಯದನ್ನು ಒತ್ತಿ 'ಕನ್‌ಟ್ರಾವರ್ಸಿ' ಅನ್ನುತ್ತಾರೆ. ಎರಡೂ ನಿಘಂಟಿನಲ್ಲಿವೆ. 'ಕಿಲೋಮೀಟರ್', 'ಕಿಲಾಮಿಟರ್' ಕೂಡ ಹಾಗೇ. ಯಾವ ಪದದಲ್ಲಿ ಆಯ್ಕೆ ಇದೆ, ಯಾವುದರಲ್ಲಿ ಇಲ್ಲ ಅನ್ನುವುದಕ್ಕೆ ಸೂತ್ರ ಇಲ್ಲ. ಒಂದೊಂದೇ ಪದವನ್ನು ತೆಗೆದು ನೋಡಬೇಕು. ನನಗೆ ಬೇರೆ ದಾರಿ ಸಿಕ್ಕಿಲ್ಲ.

ಇಲ್ಲಿಗೆ ನನ್ನ ಮಾತು. ಪ್ರಶ್ನೆಗಳಿದ್ದರೆ ಕೇಳಿ.

ಮೊದಲು ಎದ್ದದ್ದು ಅಂತಿಮ ವರ್ಷದ ಬಿಕಾಂ ಹುಡುಗಿ. "ಸಾರ್, ಇಂಟರ್‌ವ್ಯೂಗೆ ಹೋದಾಗ ಯಾವುದನ್ನ ಹೇಳ್ಬೇಕು? ಎರಡೂ ಸರಿ ಅಂದ್ರೆ ನಮಗೆ ಕನ್‌ಫ್ಯೂಸ್ ಆಗತ್ತಲ್ವಾ?" ಎಂದು ಕೇಳಿದಳು.

ನಾನು ಹೇಳಿದೆ: ನಿಮ್ಮ ನಾಲಿಗೆಗೆ ಸುಲಭವಾದದ್ದನ್ನು ಆರಿಸಿಕೊಳ್ಳಮ್ಮ. ಅದು ನಿಘಂಟಿನಲ್ಲಿ ಇದೆಯಾ ನೋಡಿಕೊಳ್ಳಿ. ಇದ್ದರೆ ಅದನ್ನೇ ಧೈರ್ಯವಾಗಿ ಹೇಳಿ. ಮಾತಿನ ನಡುವೆ ಬದಲಾಯಿಸುತ್ತಾ ಹೋಗಬೇಡಿ. ಎದುರಿಗಿರುವವರು ತಿದ್ದಿದರೆ "ಎರಡೂ ಇದೆ ಸಾರ್, ನಾನು ಇದನ್ನು ರೂಢಿ ಮಾಡಿಕೊಂಡಿದ್ದೇನೆ" ಎಂದು ವಿನಯದಿಂದ ಹೇಳಿ. ಇದಕ್ಕಾಗಿ ಕೆಲಸ ಹೋಗುವುದಿಲ್ಲ. ಬಾಯಿಯೇ ಬಿಡದಿದ್ದರೆ ಹೋಗಬಹುದು. ಎರಡು ವರ್ಷ ಬಾಯಿ ಮುಚ್ಚಿ ಕೂತವನು ಹೇಳುತ್ತಿದ್ದೇನೆ.

ಆಮೇಲೆ ಒಬ್ಬ ಮೇಡಂ ಎದ್ದರು. ಪಕ್ಕದ ಹಳ್ಳಿಯ ಪ್ರಾಥಮಿಕ ಶಾಲೆಯವರು. "ಸಾರ್, ನಾನೂ ಕನ್ನಡ ಮೀಡಿಯಂನವಳೇ. ಪಾಠದಲ್ಲಿ ಹೊಸ ಪದ ಬಂದಾಗ ನನಗೇ ಅನುಮಾನ ಬರುತ್ತೆ. ಮಕ್ಕಳ ಮುಂದೆ ಏನು ಮಾಡಲಿ?" ಅಂದರು. ಸಭೆಯಲ್ಲಿ ಎದ್ದು ಹೀಗೆ ಕೇಳುವುದಕ್ಕೆ ಧೈರ್ಯ ಬೇಕು. ಅವರಿಗೆ ಕೈಮುಗಿದೆ.

ಮಕ್ಕಳ ಮುಂದೆಯೇ ನಿಘಂಟು ತೆಗೆಯಿರಿ ಮೇಡಂ, ಎಂದೆ. ಎರಡು ಉಚ್ಚಾರಣೆ ಇದ್ದರೆ ಎರಡನ್ನೂ ತೋರಿಸಿ. ಮೊದಲು ಅಚ್ಚಾದದ್ದು ಹೆಚ್ಚು ಸರಿ, ಆಮೇಲಿನದು ಕಡಿಮೆ ಸರಿ ಅಂತ ಅಲ್ಲ ಎಂಬುದನ್ನೂ ಹೇಳಿ. ಅಮೆರಿಕದ ಮೆರಿಯಂ ವೆಬ್‌ಸ್ಟರ್ ನಿಘಂಟಿನಲ್ಲಿ ಕೆಲವು ಉಚ್ಚಾರಣೆಗಳ ಹಿಂದೆ ಭಾಗಾಕಾರದ ಚಿಹ್ನೆ ಇರುತ್ತದೆ, ನಮ್ಮ ಲೆಕ್ಕದ ಪುಸ್ತಕದ್ದೇ ಚಿಹ್ನೆ. ಹೀಗೆ ಹೇಳುವವರು ಬಹಳ ಜನ ಇದ್ದಾರೆ, ಆದರೆ ಒಪ್ಪದವರೂ ಇದ್ದಾರೆ ಎಂದು ಅದರ ಅರ್ಥ. 'ನ್ಯೂಕ್ಲಿಯರ್' ಪದವನ್ನು 'ನ್ಯೂಕ್ಯುಲರ್' ಎನ್ನುವುದಕ್ಕೆ ಆ ಚಿಹ್ನೆ ಹಾಕಿದ್ದಾರೆ. ಹಾಗೆ ಹೇಳುತ್ತಿದ್ದವರಲ್ಲಿ ಅಮೆರಿಕದ ಇಬ್ಬರು ಅಧ್ಯಕ್ಷರಿದ್ದರು, ಐಸೆನ್‌ಹೋವರ್ ಮತ್ತು ಜಾರ್ಜ್ ಡಬ್ಲ್ಯೂ. ಬುಷ್.

"ನಮ್ಮ ಶಾಲೆಯಲ್ಲಿ ಇರೋದು ಒಂದೇ ಡಿಕ್ಷನರಿ ಸಾರ್. ಅರ್ಥ ಮಾತ್ರ ಇದೆ" ಅಂದರು ಮೇಡಂ.

ನಿಮ್ಮ ಫೋನ್ ಕೊಡಿ ಎಂದು ವೇದಿಕೆಗೆ ಕರೆದೆ. ಇಂಗ್ಲಿಷ್ ನಿಘಂಟಿನ ಪುಟವೊಂದನ್ನು ತೆರೆದು ಎಸ್, ಸಿ, ಎಚ್ ಎಂದು ಶುರುವಾಗುವ ನಮ್ಮ ಕಂಡಕ್ಟರ ಪದವನ್ನೇ ಟೈಪ್ ಮಾಡಿಸಿದೆ. ಪದದ ಕೆಳಗೆ ಎರಡು ಪುಟ್ಟ ಸ್ಪೀಕರ್ ಗುರುತು ಬಂದವು, ಒಂದು ಬ್ರಿಟಿಷ್, ಒಂದು ಅಮೆರಿಕನ್. ಫೋನನ್ನು ಮೈಕಿನ ಹತ್ತಿರ ಹಿಡಿದೆ. ಮೇಡಂ ಮೊದಲನೆಯದನ್ನು ಒತ್ತಿದರು. 'ಶೆಡ್ಯೂಲ್' ಎಂದಿತು. ಎರಡನೆಯದನ್ನು ಒತ್ತಿದರು. 'ಸ್ಕೆಜುಲ್' ಎಂದಿತು. ಸಭೆ ಪೂರ್ತಿ ಸುಮ್ಮನಿತ್ತು. ಹಿಂದಿನ ಸಾಲಿನಿಂದ ಒಬ್ಬ ಹುಡುಗ "ಇನ್ನೊಂದ್ಸಲ ಒತ್ತಿ ಮೇಡಂ" ಅಂದ. ಅವರು ಒತ್ತಿದರು.